ಪೂರ್ಣಕುಂಭ ಹೊತ್ತ ಕ್ರೀಡಾಪಟುಗಳು

ಓಟ, ಜಿಗಿತ, ಎಸೆತ, ಸಮತೋಲನ ಇವನ್ನೆಲ್ಲ ನಮ್ಮ ಶಾಲೆಗಳು ಹೆಣ್ಣುಮಕ್ಕಳಿಗೆ ಕಲಿಸುವುದೇ ಇಲ್ಲ ಎಂದು ದೂರುವವರು ಒಮ್ಮೆ ಶಾಲಾ ಕ್ರೀಡಾಕೂಟದ ಉದ್ಘಾಟನೆಗೆ ಹೋಗಿ ಬರಬೇಕು. ನಾನು ಹೋಗಿದ್ದೆ.

ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಶಾಸಕರು ಹನ್ನೆರಡೂವರೆಗೆ ದಯಮಾಡಿಸಿದರು. ಅಷ್ಟೂ ಹೊತ್ತು ಏಳನೇ ತರಗತಿಯ ಹನ್ನೊಂದು ಹುಡುಗಿಯರು ಸೀರೆಯುಟ್ಟು, ಪೂರ್ಣಕುಂಭ ಹೊತ್ತು ಬಿಸಿಲಿನಲ್ಲಿ ನಿಂತಿದ್ದರು. ಒಂದು ತೆಂಗಿನಕಾಯಿಯೂ ಅಲುಗಲಿಲ್ಲ. ಸಮತೋಲನದಲ್ಲಿ ಪೂರ್ಣಾಂಕ. ಕಾರು ನಿಂತದ್ದೇ ತಡ, ಇನ್ನೊಂದು ಸಾಲು ಹೂವಿನ ಎಸಳು ತೂರಿತು, ಎಸೆತವೂ ಆಯಿತು. ಕೊರಳಿಂದ ತೆಗೆದ ಹಾರ ನೆಲಕ್ಕೆ ಬೀಳದಂತೆ ಒಬ್ಬಳು ಹಿಡಿದ ಕ್ಯಾಚಂತೂ ಅಮೋಘ. ಓಟವೊಂದು ಬಾಕಿಯಿತ್ತು. ವೇದಿಕೆಯ ಮೇಲೆ ಚಹಾದ ಲೋಟ ಸಾಲದೇ ಹೋದಾಗ ಅದೂ ನೆರವೇರಿತು. ಹುಡುಗರು ಅತ್ತ ನಾನೂರು ಮೀಟರ್ ಓಡುತ್ತಿದ್ದರು. ಪಾಪ, ಅವರಿಗೆ ಬೇರೇನೂ ಬರುವುದಿಲ್ಲ.

2025ರ ಜನವರಿಯಲ್ಲಿ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ವನಿತೆಯರನ್ನೂ, ಆ ತಂಡದಲ್ಲಿದ್ದ ಮೈಸೂರು ಜಿಲ್ಲೆಯ ಬಿ. ಚೈತ್ರಾ ಅವರನ್ನೂ ಶಾಸಕರು ಬಾಯ್ತುಂಬ ಕೊಂಡಾಡಿದರು. ಆ ಶಾಲೆಯಲ್ಲೂ ಖೋ-ಖೋ ಕಂಬಗಳು ಎರಡಿವೆ. ಒಂದಕ್ಕೆ ಶಾಮಿಯಾನದ ಹಗ್ಗ ಬಿಗಿದಿದ್ದರು, ಇನ್ನೊಂದಕ್ಕೆ ಧ್ವನಿವರ್ಧಕ.

ಉಳಿದ ದಿನಗಳಲ್ಲಿ ಆಟದ ಪಿರಿಯಡ್ಡನ್ನು ಗಣಿತದ ಮೇಷ್ಟ್ರು ಒತ್ತುವರಿ ಮಾಡಿಕೊಂಡಿದ್ದಾರೆ. ಅವರು ರಜೆ ಹಾಕಿದರೆ ಮೈದಾನ ಹುಡುಗರ ಕ್ರಿಕೆಟ್ಟಿಗೆ. ಹುಡುಗಿಯರಿಗೆ ಬೇವಿನ ಮರದಡಿ ಕುಳಿತು ಸ್ಕೋರು ಬರೆಯುವ ಗೌರವ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯುವ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಲೆಕ್ಕದಲ್ಲಿ, ಜಗತ್ತಿನ 11ರಿಂದ 17 ವರ್ಷದ ಹುಡುಗಿಯರ ಪೈಕಿ ಶೇ 85ರಷ್ಟು ಮಂದಿಗೆ ಅಷ್ಟು ದಕ್ಕಿರಲಿಲ್ಲ. ಹುಡುಗರ ಪೈಕಿ ಶೇ 78. ನಮ್ಮ ಮನೆಗಳಲ್ಲಿ ಈ ಅಂಕಿಅಂಶವನ್ನು ಯಾರೂ ಓದುವುದಿಲ್ಲ, "ದೊಡ್ಡವಳಾದೆ, ಇನ್ನೇನು ಕುಣಿತ?" ಎಂದು ಒಂದೇ ಸಾಲಿನಲ್ಲಿ ಜಾರಿಗೆ ತರುತ್ತಾರೆ.

ನನ್ನ ಅಕ್ಕನಿಗೆ ಹನ್ನೆರಡರಲ್ಲೇ ಹಾಗೆ ಹೇಳಿ ಕುಂಟೆಬಿಲ್ಲೆ ಬಿಡಿಸಿದ್ದರು. ಈಗ ಅವಳಿಗೆ ಐವತ್ತೆರಡು, ಮೊಣಕಾಲು ನೋವು. ಕಳೆದ ವಾರ ಫಿಸಿಯೋಥೆರಪಿಸ್ಟ್ ನೆಲಕ್ಕೆ ಟೇಪು ಅಂಟಿಸಿ ಚೌಕಗಳನ್ನು ಮಾಡಿ, "ಒಂಟಿಕಾಲಲ್ಲಿ ನಿಂತು ಒಂದೊಂದೇ ಮನೆ ದಾಟಿ ಮೇಡಂ" ಎಂದರಂತೆ. ಒಂದು ಸಲಕ್ಕೆ ಆರುನೂರು ರೂಪಾಯಿ.

ನಾಳೆ ಬರುವಾಗ ಬಿಲ್ಲೆ ತರಲೇ ಎಂದು ಅಕ್ಕ ಕೇಳಿದಳು. ಅವರಿಗೆ ಅರ್ಥವಾಗಲಿಲ್ಲ.