ಖಾಲಿ ಮೂಲೆ

ಸಮೋಸಕ್ಕೆ ಎಷ್ಟು ಮೂಲೆ ಎಂದು ಕೇಳಿದರೆ ಎಲ್ಲರೂ ಥಟ್ಟನೆ ಮೂರು ಎನ್ನುತ್ತಾರೆ. ಅದು ತಿಂದವರ ಲೆಕ್ಕ. ಮಾಡಿದವರನ್ನು ಕೇಳಿ ನೋಡಿ, ತುಸು ಯೋಚಿಸಿ ನಾಲ್ಕು ಎನ್ನುತ್ತಾರೆ. ನೆತ್ತಿಯಲ್ಲೊಂದು ಚೂಪು, ಬುಡದಲ್ಲಿ ಎರಡು ಕಿವಿ, ಹಿಂದುಗಡೆ ನಿರಿಗೆ ಹಿಡಿದು ಉಬ್ಬಿಸಿದ ಒಂದು ಹಿಮ್ಮಡಿ. ಈ ಹಿಮ್ಮಡಿ ಇಲ್ಲದ ಸಮೋಸ ತಟ್ಟೆಯಲ್ಲಿ ಕೂರುವುದಿಲ್ಲ, ಮಗ್ಗುಲಾಗಿ ಮಲಗಿಬಿಡುತ್ತದೆ. ನನ್ನ ಕೈಯಿಂದ ಹುಟ್ಟಿದವು ಬಹಳ ಕಾಲ ಮಲಗಿಯೇ ಇದ್ದವು. “ಅಪ್ಪ, ನಿನ್ನ ಸಮೋಸಗಳಿಗೆ ಮೈ ಹುಷಾರಿಲ್ಲವೇ?” ಎಂದು ಮಗಳು ಕ್ಷೇಮ ವಿಚಾರಿಸಿದ್ದೂ ಉಂಟು.

ನಮ್ಮ ಮನೆಯಲ್ಲಿ ಸಮೋಸದ ದಿನ ಕೆಲಸದ ಹಂಚಿಕೆ ಕಟ್ಟುನಿಟ್ಟು. ಪಲ್ಯ ಹೆಂಡತಿಯದು, ಚಟ್ನಿ ಮಗಳದು, ಕಣಕ ನನ್ನದು. ಕಣಕವನ್ನು ನಾನೇ ಆರಿಸಿಕೊಂಡಿದ್ದೆ. ರುಚಿಯೆಲ್ಲ ಒಳಗಿರುವಾಗ ಹೊರಗಿನ ಹೊದಿಕೆಯನ್ನು ಯಾರು ಕೇಳುತ್ತಾರೆ, ಹಿಟ್ಟು ಕಲಸುವುದರಲ್ಲಿ ಏನಿದೆ ಮಹಾ ಎಂದು ನನ್ನ ಎಣಿಕೆ. ಪಲ್ಯ ಸಪ್ಪೆಯಾದರೆ ಉಪ್ಪು ಹಾಕಬಹುದು, ಖಾರವಾದರೆ ಇನ್ನೊಂದು ಆಲೂಗಡ್ಡೆ ಬೆರೆಸಬಹುದು. ಕಣಕ ಕೆಟ್ಟರೆ ಮಾತ್ರ ಯಾರೂ ಕಾಯಲಾರರು ಎಂಬುದು ಆಮೇಲೆ ತಿಳಿಯಿತು.

ಮೊದಲ ಸಲ ನಾನು ಚಪಾತಿಗೆ ಕಲಸುವಂತೆ ಧಾರಾಳವಾಗಿ ನೀರು ಸುರಿದು, ಮೆತ್ತಗೆ, ಮುದ್ದಾಗಿ ನಾದಿದ್ದೆ. ನೋಡಲು ಬಹಳ ಚೆನ್ನಾಗಿತ್ತು. ಕರಿದ ಮೇಲೆ ಮೈತುಂಬ ಗುಳ್ಳೆ ಎದ್ದು, ಹತ್ತು ನಿಮಿಷದಲ್ಲಿ ಅದೇ ಹೊದಿಕೆ ಒದ್ದೆ ರಟ್ಟಿನಂತಾಯಿತು. ತಪ್ಪು ಎಲ್ಲಿ ಎಂದು ಹುಡುಕುತ್ತಾ ಹೋದಾಗ ತಿಳಿದದ್ದು ಇಷ್ಟು: ಮೈದಾದಲ್ಲಿರುವ ಪ್ರೋಟೀನಿಗೆ ನೀರು ಸೋಕಿ, ಮೇಲೆ ನಾದುವ ಕೈಯೂ ಬಿದ್ದರೆ ಗ್ಲುಟೆನ್ ಎಂಬ ಬಲೆ ಹೆಣೆದುಕೊಳ್ಳುತ್ತದೆ. ಬ್ರೆಡ್ಡಿಗೆ ಆ ಬಲೆಯೇ ಜೀವಾಳ. ಸಮೋಸಕ್ಕೆ ಅದು ಅತಿಯಾದರೆ ಹಲ್ಲಿಗೆ ಕೆಲಸ. ಆದ್ದರಿಂದ ನೀರಿಗಿಂತ ಮೊದಲು ತುಪ್ಪ ಹೋಗಬೇಕು. 250 ಗ್ರಾಂ ಮೈದಾಕ್ಕೆ 60 ಗ್ರಾಂ ತುಪ್ಪ ಅಥವಾ ಎಣ್ಣೆ, ಉಪ್ಪು, ಅಂಗೈಯಲ್ಲಿ ಉಜ್ಜಿದ ಅರ್ಧ ಚಮಚ ಓಮ. ಬೆರಳ ತುದಿಗಳಲ್ಲಿ ಐದಾರು ನಿಮಿಷ ತಿಕ್ಕುತ್ತಿದ್ದರೆ ಹಿಟ್ಟಿನ ಒಂದೊಂದು ಕಣವೂ ಜಿಡ್ಡಿನ ಅಂಗಿ ತೊಟ್ಟುಕೊಳ್ಳುತ್ತದೆ. ಆಮೇಲೆ ನೀರು ಬಂದರೂ ಒಳಗೆ ಹೋಗಲು ಕಷ್ಟಪಡುತ್ತದೆ. ತಿಕ್ಕಿದ್ದು ಸಾಕೋ ಬೇಕೋ ಎಂಬುದನ್ನು ಹೇಳುವುದು ಮುಷ್ಟಿ. ಹಿಟ್ಟನ್ನು ಹಿಡಿದು ಬಿಗಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ತಿವಿದರೆ ಉದುರಬೇಕು. ನೀರು 80 ಮಿಲಿಲೀಟರಿನ ಆಸುಪಾಸು, ಅದೂ ಚಮಚ ಚಮಚವಾಗಿ, ಜಿಪುಣನ ಕೈಯಿಂದ ಸಾಲ ಹುಟ್ಟಿದ ಹಾಗೆ. ಕಣಕ ಗಟ್ಟಿಯಾಗಿ, ಒರಟೊರಟಾಗಿ, ನೋಡಲು ಕುರೂಪಿಯಾಗಿರಬೇಕು. ಅಂದ ನೋಡಿ ಮರುಳಾಗುವ ಸ್ವಭಾವದ ನನಗೆ ಇದನ್ನು ಒಪ್ಪಿಕೊಳ್ಳಲು ಮೂರು ಸಮೋಸದ ದಿನಗಳು ಬೇಕಾದವು.

ಕಣಕಕ್ಕೆ ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ಬಿಡಬೇಕು. ಬಿಗಿದುಕೊಂಡ ಬಲೆ ಸಡಿಲವಾಗಲು ಅದಕ್ಕೂ ಹೊತ್ತು ಬೇಕು. ಇಲ್ಲದಿದ್ದರೆ ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಈ ಅರ್ಧ ಗಂಟೆ ನಾನು ಸಮೋಸದ ಚರಿತ್ರೆ ಹೇಳುವ ಹೊತ್ತು. ಹೆಂಡತಿಗೆ ಒಲೆಯ ಸದ್ದು, ಮಗಳಿಗೆ ಮಿಕ್ಸಿಯ ಸದ್ದು, ಹೀಗಾಗಿ ಶ್ರೋತೃ ಎಂದರೆ ಬಟ್ಟೆಯಡಿಯ ಕಣಕ ಒಂದೇ. ಅದಕ್ಕೆ ತನ್ನ ವಂಶದ ಕಥೆ ಗೊತ್ತಿರಲಿ ಎಂದು ಹೇಳುತ್ತೇನೆ. ಹೆಸರು ಪರ್ಷಿಯನ್ನರ ‘ಸಂಬೋಸಗ್’ ಕಡೆಯಿಂದ ಬಂದದ್ದು, ಅರಬರ ಬಾಯಲ್ಲಿ ಅದು ‘ಸಂಬೂಸಕ್’. 14ನೆಯ ಶತಮಾನದಲ್ಲಿ ದೆಹಲಿಯ ಮಹಮ್ಮದ್ ಬಿನ್ ತುಘಲಕನ ಆಸ್ಥಾನಕ್ಕೆ ಬಂದಿದ್ದ ಇಬ್ನ್ ಬತೂತಾ ತಾನು ಕಂಡದ್ದನ್ನು ದಾಖಲಿಸಿದ್ದಾನೆ: ತೆಳು ಹಾಳೆಯೊಳಗೆ ಕೈಮಾ, ಬಾದಾಮಿ, ಪಿಸ್ತಾ, ಈರುಳ್ಳಿ, ಮಸಾಲೆ, ಅದನ್ನು ತುಪ್ಪದಲ್ಲಿ ಕರಿದದ್ದು. ಆಲೂಗಡ್ಡೆಯ ಸುದ್ದಿಯೇ ಇಲ್ಲ. ಇರುವುದಾದರೂ ಹೇಗೆ? ಆಲೂಗಡ್ಡೆಯೂ ಮೆಣಸಿನಕಾಯಿಯೂ ಆಗಿನ್ನೂ ಸಾಗರದಾಚೆ ಅಮೆರಿಕ ಖಂಡದಲ್ಲಿದ್ದವು. ಕೊಲಂಬಸ್ ಹಡಗೇರಿದ್ದು 1492ರಲ್ಲಿ. ಅಂದರೆ ಸುಲ್ತಾನನ ಸಮೋಸದಲ್ಲಿ ನಮ್ಮ ಸಮೋಸದ ಎರಡು ಮುಖ್ಯ ಪಾತ್ರಗಳೇ ಗೈರುಹಾಜರು. ಸುಲ್ತಾನನ ಕಾಲದಿಂದ ಬದಲಾಗದೆ ಉಳಿದಿರುವುದು ಯಾವುದು? ಹೊದಿಕೆ! ಇಲ್ಲಿಗೆ ಬಂದಾಗ ನಾನು ದನಿ ತುಸು ಏರಿಸುತ್ತೇನೆ, ಒಲೆಯ ಕಡೆಯವರಿಗೂ ಕೇಳಲಿ ಎಂದು.

ಒಲೆಯ ಕಡೆಯವರು ತಮ್ಮ ಕೆಲಸದಲ್ಲಿ ಇರುತ್ತಾರೆ. ಹೆಂಡತಿ ಆಲೂಗಡ್ಡೆಯನ್ನು ಎಂದೂ ನುಣ್ಣಗೆ ಹಿಸುಕುವುದಿಲ್ಲ, ಕೈಯಿಂದ ಮುರಿಯುತ್ತಾಳೆ. ಜೀರಿಗೆ ಸಿಡಿದ ಮೇಲೆ ಜಜ್ಜಿದ ಕೊತ್ತಂಬರಿ ಬೀಜ, ಶುಂಠಿ, ಹಸಿಮೆಣಸಿನಕಾಯಿ, ಬಟಾಣಿ, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಕೊನೆಗೆ ಆಲೂಗಡ್ಡೆ. ಹುಳಿಗೆ ಒಣ ಮಾವಿನ ಪುಡಿ. ನಿಂಬೆರಸ ಹಿಂಡಿದರೆ ನೀರಾಡುತ್ತದೆ. ಆಮೇಲೆ ತಟ್ಟೆಯಲ್ಲಿ ಹರಡಿ ಆರಲು ಬಿಡುತ್ತಾಳೆ. ಬಿಸಿ ಪಲ್ಯ ತುಂಬಿದರೆ ಅದರ ಹಬೆ ಹೊದಿಕೆಯನ್ನು ಒಳಗಿನಿಂದಲೇ ನೆನೆಸುತ್ತದೆ. ಬೇಯುವ ತನಕ ಇದ್ದವನಿಗೆ ಆರುವ ತನಕ ಇರಲಾಗಲಿಲ್ಲ ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು. ಆರುತ್ತಿರುವ ಪಲ್ಯದ ತಟ್ಟೆಯ ಸುತ್ತ ನಾನು ಚಮಚದೊಂದಿಗೆ ಸುಳಿದಾಡುವುದನ್ನು ಈ ಮನೆಯಲ್ಲಿ ‘ಉಪ್ಪು ನೋಡುವುದು’ ಎಂದು ಗೌರವದಿಂದ ಕರೆಯಲಾಗುತ್ತದೆ. ನಾಲ್ಕೈದು ಸಲ ಉಪ್ಪು ನೋಡಿದರೆ ಒಂದು ಸಮೋಸದ ಪಲ್ಯ ಖರ್ಚು. ಇದರ ಫಲ ಕೊನೆಯಲ್ಲಿ ಕಾಣಿಸುತ್ತದೆ.

ಈಗ ಮೂಲೆಗಳ ವಿಚಾರ. ಕಣಕವನ್ನು ಆರು ಉಂಡೆ ಮಾಡಿ, ಲಟ್ಟಿಸಿ, ನಡುವೆ ಕತ್ತರಿಸಿದರೆ ಹನ್ನೆರಡು ಅರ್ಧಚಂದ್ರಗಳು. ಶಾಲೆಯ ರೇಖಾಗಣಿತ ಬದುಕಿನಲ್ಲಿ ಎಲ್ಲಾದರೂ ಉಪಯೋಗಕ್ಕೆ ಬಂತೇ ಎಂದರೆ ನನ್ನ ಮಟ್ಟಿಗೆ ಇಲ್ಲಿಯೇ. ಅರ್ಧವೃತ್ತವನ್ನು ಅಂಚಿಗೆ ಅಂಚು ತಾಗುವಂತೆ ಸುತ್ತಿದರೆ ಆಗುವ ಶಂಕುವಿನ ಬಾಯಿಯ ಅಗಲವೂ, ಇಳಿಜಾರಿನ ಉದ್ದವೂ ಒಂದೇ. ಅಂದರೆ 16 ಸೆಂಟಿಮೀಟರ್ ಅಗಲದ ಹಾಳೆಯ ಅರ್ಧವನ್ನು ಸುತ್ತಿ ಪಕ್ಕದಿಂದ ನೋಡಿದರೆ, ಪ್ರತಿ ಬದಿಯೂ 8 ಸೆಂಟಿಮೀಟರ್ ಇರುವ ಸಮಬಾಹು ತ್ರಿಕೋನ. ಮೂರು ಕೋನವೂ 60 ಡಿಗ್ರಿ. ಅಳತೆಪಟ್ಟಿ ಮುಟ್ಟದ ಯಾರೋ ಒಬ್ಬರು ಬರಿಗೈಯಿಂದ ಇದನ್ನು ಕಂಡುಕೊಂಡರಲ್ಲ ಎಂದು ನಾನು ಬೆರಗಿನಿಂದ ಹೇಳುತ್ತಿದ್ದರೆ, “ಲೆಕ್ಕ ಸರಿಯಾಗಿದೆ, ಅಂಚು ಬಿಟ್ಟುಕೊಂಡಿದೆ ನೋಡಿ” ಎಂದಳು ಹೆಂಡತಿ. ನಿಜ, ಅಂಚನ್ನು ಒಂದರ ಮೇಲೊಂದು ತುಸು ಏರಿಸಿ, ನೀರು ಸವರಿ, ಒತ್ತಬೇಕು. ಬರೀ ನೀರಿಗಿಂತ ಮೈದಾ ಕದಡಿದ ಅಂಟು ವಾಸಿ.

ಶಂಕುವಿಗೆ ಪಲ್ಯ ತುಂಬುವಾಗ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡುತ್ತಿದ್ದೆ. ಚೂಪಾದ ತುದಿಯವರೆಗೂ ಪಲ್ಯ ಇಳಿಯಲಿ ಎಂದು ಬೆರಳಿನಿಂದ ಒತ್ತುವುದು. ಖಾಲಿ ಮೂಲೆ ಎಂದರೆ ತಿನ್ನುವವರಿಗೆ ಮೋಸ ಎಂಬ ಧರ್ಮಬುದ್ಧಿ. ಒಂದು ಬಟಾಣಿ ಸಾಕು, ತುದಿ ಸೀಳುತ್ತದೆ. ಸೀಳಿದ ಸಮೋಸ ಎಣ್ಣೆಗಿಳಿದರೆ ಮುಂದಿನದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವುದೇ ಕ್ಷೇಮ. ಎಣ್ಣೆ ಒಳಗೆ, ಪಲ್ಯ ಹೊರಗೆ, ಬಟಾಣಿಗಳು ಒಂದೊಂದಾಗಿ ಸಿಡಿಯುತ್ತಾ ಬಾಣಲೆಯಲ್ಲಿ ಹಬ್ಬ. ಅದಾದ ಮೇಲೆ ಮೂಲೆಗಳನ್ನು ಅವುಗಳ ಪಾಡಿಗೆ ಬಿಟ್ಟೆ. ನೆತ್ತಿಯಲ್ಲಿ ಒಂದು ಬೆರಳ ಉಗುರಿನಷ್ಟು ಜಾಗ, ಎರಡು ಕಿವಿಗಳಲ್ಲಿ ಪದರದ ಮೇಲೆ ಪದರ ಬಿದ್ದ ಬರೀ ಕಣಕ.

ಬಿಟ್ಟ ಮೇಲೆಯೇ ಆ ಮೂಲೆಗಳು ಯಾಕಿವೆ ಎಂಬುದು ಹೊಳೆದದ್ದು. ಅವು ಚಟ್ನಿಯ ಜಾಗ. ಸಮೋಸವನ್ನು ಕಿವಿ ಹಿಡಿದು ಎತ್ತಿ, ನೆತ್ತಿಯನ್ನು ಚಟ್ನಿಯಲ್ಲಿ ಅದ್ದುತ್ತೇವೆ. ಮೊದಲ ತುತ್ತಿನಲ್ಲಿ ಬರುವುದು ಗರಿಗರಿ ಕಣಕ ಮತ್ತು ಚಟ್ನಿ, ಅಷ್ಟೇ. ಪಲ್ಯ ಎರಡನೆಯ ತುತ್ತಿಗೆ. ಮೂಲೆಯೂ ತುಂಬಿದ್ದರೆ ಚಟ್ನಿಗೆ ಹೇಳಿಕೊಳ್ಳಲು ಒಂದು ಗಳಿಗೆಯೂ ಸಿಗುತ್ತಿರಲಿಲ್ಲ. ಇದನ್ನು ಮಗಳಿಗೆ ಹೇಳಿದೆ. “ಹಾಗಾದರೆ ನೀನು ನನಗಾಗಿ ಕೆಲಸ ಮಾಡುತ್ತಿದ್ದೀಯ” ಎಂದಳು.

ಅವಳ ಚಟ್ನಿಗಳು ಎರಡು, ಅವುಗಳಲ್ಲಿ ಒಂದು ಕೂಸು ಹುಟ್ಟುವ ಮುನ್ನವೇ ಹೊಲಿದಿಟ್ಟ ಕುಲಾವಿ. ಹುಣಸೆಹಣ್ಣಿನದನ್ನು ಹಿಂದಿನ ದಿನವೇ ಮಾಡಿಡುತ್ತಾಳೆ: 50 ಗ್ರಾಂ ಹುಣಸೆಹಣ್ಣು, ಅದರ ಎರಡರಷ್ಟು ಬೆಲ್ಲ, ಎಂಟು ಹತ್ತು ಖರ್ಜೂರ, ನೆನೆಸಿ, ಕಿವುಚಿ, ಸೋಸಿ, ಕುದಿಸಿ, ಹುರಿದ ಜೀರಿಗೆ ಪುಡಿ, ಒಣಶುಂಠಿ. ಆರಿದ ಮೇಲೆ ಗಟ್ಟಿಯಾಗುವ ಜಾತಿ ಇದು, ಒಲೆಯ ಮೇಲೆ ತುಸು ನೀರಾಗಿದೆ ಎನ್ನಿಸುವಾಗಲೇ ಇಳಿಸಬೇಕು. ಹಸಿರು ಚಟ್ನಿ ಮಾತ್ರ ಕೊನೆ ಗಳಿಗೆಯದು. ಕೊತ್ತಂಬರಿ ಸೊಪ್ಪು ದಂಟು ಸಮೇತ, ಪುದೀನ ಎಲೆ ಮಾತ್ರ, ಅದೂ ಕೊತ್ತಂಬರಿಯ ಅರ್ಧಕ್ಕೆ ಮೀರದಂತೆ, ಹಸಿಮೆಣಸು, ಉಪ್ಪು, ತಣ್ಣೀರು. ನಿಂಬೆರಸವನ್ನು ಬಡಿಸುವ ಮುಂಚೆ ಹಿಂಡುತ್ತಾಳೆ. ಹುಳಿ ಸೇರಿ ಹೊತ್ತಾದರೆ ಎಲೆಯ ಹಸಿರಿನಲ್ಲಿರುವ ಮೆಗ್ನೀಸಿಯಂ ಜಾಗ ಬಿಟ್ಟು ಹೊರಬೀಳುತ್ತದೆ, ಬಣ್ಣ ಪಾಚಿಯಂತೆ ಮಂಕಾಗುತ್ತದೆ. ಇದನ್ನು ರಸಾಯನಶಾಸ್ತ್ರವಾಗಿ ಓದುವಾಗ ಆಕಳಿಸಿದವಳು, ಬಟ್ಟಲಲ್ಲಿ ನೋಡಿದ ಮೇಲೆ ಒಮ್ಮೆಯೂ ಮರೆತಿಲ್ಲ.

ಕರಿಯುವುದು ನಿಧಾನದ ಕೆಲಸ. ಚಿಟಿಕೆ ಕಣಕ ಹಾಕಿದರೆ ಅದು ತಳದಲ್ಲಿ ಕುಳಿತು, ಯೋಚಿಸಿ, ಆಮೇಲೆ ಸೋಮಾರಿಯಾಗಿ ಮೇಲೇಳಬೇಕು. ಸುಮಾರು 140 ಡಿಗ್ರಿ ಸೆಲ್ಸಿಯಸ್ ಎನ್ನಬಹುದು. ಉರಿ ಜೋರಾದರೆ ಹೊರಗೆ ಹೊಂಬಣ್ಣ, ಒಳಗೆ ಹಸಿ ಹಿಟ್ಟು. ಮೊದಲ ಹತ್ತು ನಿಮಿಷ ನೋಡುವವರಿಗೆ ಏನೂ ನಡೆಯುತ್ತಿಲ್ಲ ಎನ್ನಿಸುತ್ತದೆ; ಆರಕ್ಕೇರುವುದಿಲ್ಲ, ಮೂರಕ್ಕಿಳಿಯುವುದಿಲ್ಲ. ಆದರೆ ಸುತ್ತಲೂ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿರುತ್ತವೆ, ಕಣಕದ ನೀರು ಹಬೆಯಾಗಿ ಮನೆ ಖಾಲಿ ಮಾಡುತ್ತಿರುವ ಗುರುತು. ಗುಳ್ಳೆಯ ಗಲಾಟೆ ಇಳಿದ ಮೇಲೆ ಉರಿ ಏರಿಸಿ ಬಣ್ಣ ಬರಿಸುವುದು ಎರಡು ನಿಮಿಷದ ಮಾತು. ನನಗೆ ಈ ಹತ್ತು ನಿಮಿಷ ಎಷ್ಟು ಕಷ್ಟವೆಂದರೆ, ಜಾಲರಿ ಸೌಟನ್ನು ನನ್ನ ಕೈಗೆ ಕೊಡದಿರಲು ಮನೆಯಲ್ಲಿ ಸರ್ವಾನುಮತದ ನಿರ್ಣಯವಾಗಿದೆ.

ಕಳೆದ ಸಲ ಹತ್ತು ಸಮೋಸಗಳು ತಟ್ಟೆಯಲ್ಲಿ ಹಿಮ್ಮಡಿಯೂರಿ ನೆಟ್ಟಗೆ ಕುಳಿತಿದ್ದವು. ಹನ್ನೆರಡಾಗಬೇಕಿತ್ತು. ಉಪ್ಪು ನೋಡಿದ ಲೆಕ್ಕದಲ್ಲಿ ಎರಡರ ಪಲ್ಯ ಹೋಗಿತ್ತು. ಒಂದು ಉಂಡೆ ಕಣಕ ಬಟ್ಟೆಯಡಿಯಲ್ಲಿ ಅನಾಥವಾಗಿ ಉಳಿದಿತ್ತು. ಹೆಂಡತಿ ನನ್ನನ್ನು ಒಮ್ಮೆ ನೋಡಿದಳು, ಏನೂ ಹೇಳಲಿಲ್ಲ. ಉಂಡೆಯನ್ನು ಲಟ್ಟಿಸಿ, ಚಾಕುವಿನಿಂದ ಪುಟ್ಟ ಪುಟ್ಟ ತ್ರಿಕೋನಗಳಾಗಿ ಕತ್ತರಿಸಿ, ಉಳಿದ ಎಣ್ಣೆಗೆ ಬಿಟ್ಟಳು. ಒಳಗೆ ಏನೂ ಇಲ್ಲದ, ಬರೀ ಮೂಲೆಗಳು. ಅವು ತಟ್ಟೆಗೆ ಬರುವಷ್ಟರಲ್ಲಿ ಹತ್ತು ಸಮೋಸ ಮುಗಿದಿದ್ದವು, ಚಟ್ನಿ ಎರಡೂ ಬಟ್ಟಲಿನಲ್ಲಿ ಅರ್ಧರ್ಧ ಉಳಿದಿತ್ತು. ಮೂವರೂ ಬಟ್ಟಲುಗಳ ಸುತ್ತ ಹತ್ತಿರಕ್ಕೆ ಸರಿದು ಕುಳಿತೆವು.