ಆ ಆರನೇ ಪೆಟ್ಟಿಗೆ

1920ರ ನವೆಂಬರ್ 10. ಫ್ರಾನ್ಸಿನ ವರ್ಡನ್ ಕೋಟೆಯೊಳಗೆ ಎಂಟು ಶವಪೆಟ್ಟಿಗೆಗಳನ್ನು ಇಟ್ಟಿದ್ದರು. ಎಂಟರಲ್ಲೂ ಮೊದಲ ಮಹಾಯುದ್ಧದಲ್ಲಿ ಸತ್ತ, ಹೆಸರು ಗೊತ್ತಿಲ್ಲದ ಸೈನಿಕರು. ಇಪ್ಪತ್ತೊಂದು ವರ್ಷದ ಒಬ್ಬ ಸಿಪಾಯಿಯ ಕೈಗೆ ಹೂವು ಕೊಟ್ಟು, ಸತ್ತವರೆಲ್ಲರ ಪರವಾಗಿ ಪ್ಯಾರಿಸ್ಸಿನಲ್ಲಿ ಸಮಾಧಿ ಮಾಡಲು ಒಂದನ್ನು ಆರಿಸು ಅಂದರು. ಅವನ ಅಪ್ಪನೂ ಅದೇ ಯುದ್ಧದಲ್ಲಿ ಕಾಣೆಯಾದವನು. ಯಾವುದನ್ನು ಅಂತ ಆರಿಸುವುದು? ಅವನ ರೆಜಿಮೆಂಟಿನ ನಂಬರು 132. ಒಂದು, ಮೂರು, ಎರಡು ಕೂಡಿದರೆ ಆರು. ಆರನೇ ಪೆಟ್ಟಿಗೆಯ ಮೇಲೆ ಹೂವಿಟ್ಟ. ಮರುದಿನ ಪ್ಯಾರಿಸ್ಸಿನಲ್ಲಿ ಇಡೀ ದೇಶ ಆ ಪೆಟ್ಟಿಗೆಗೆ ತಲೆಬಾಗಿತು.

ರಾಷ್ಟ್ರೀಯತೆಯ ಬಗ್ಗೆ ವಾದ ಬಂದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. "ಅದೆಲ್ಲ ನಾಯಕರು ಜನರಿಗೆ ಹಚ್ಚುವ ಹುಚ್ಚು" ಅಂತ ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಸುಮ್ನೆ ಹುಚ್ಚು ಹಚ್ಚಿದ್ದಾದರೆ ಇಷ್ಟು ಕಾಲ ಬಾಳುತ್ತಿತ್ತಾ?

ರಾಷ್ಟ್ರೀಯತೆ ಹುಟ್ಟುವ ಮುಂಚೆ ಹೇಗಿತ್ತು ನೋಡಿ. ನೆಲ ರಾಜನದು, ಜನ ರಾಜನ ಪ್ರಜೆಗಳು. ರಾಜಮನೆತನದ ಒಂದು ಮದುವೆಯಾದರೆ ಊರಿಗೆ ಊರೇ ಇನ್ನೊಬ್ಬ ದೊರೆಯ ಕೈಸೇರುತ್ತಿತ್ತು, ಅಲ್ಲಿ ಉಳುವವನನ್ನು ಯಾರೂ ಒಂದು ಮಾತು ಕೇಳುತ್ತಿರಲಿಲ್ಲ. 1789ರಲ್ಲಿ ಫ್ರೆಂಚ್ ಕ್ರಾಂತಿಯ ಹಕ್ಕುಗಳ ಘೋಷಣೆ ಇದನ್ನು ತಲೆಕೆಳಗು ಮಾಡಿತು. ಅಧಿಕಾರದ ಬೇರು ರಾಷ್ಟ್ರದಲ್ಲಿದೆ ಅಂದಿತು. ಅಂದರೆ ಚಪ್ಪಲಿ ಹೊಲಿಯುವವನೂ ದೇಶದ ಒಡೆಯ! ಮೂರು ವರ್ಷದ ನಂತರ ಪ್ರಷ್ಯಾದ ಸೈನ್ಯದ ಎದುರು ನಡೆದ ವಾಲ್ಮಿ ಯುದ್ಧದಲ್ಲಿ ಫ್ರೆಂಚ್ ಸೈನಿಕರು ಕೂಗಿದ್ದು ರಾಜನಿಗೆ ಜೈ ಅಂತ ಅಲ್ಲ, ರಾಷ್ಟ್ರಕ್ಕೆ ಜೈ ಅಂತ. ತಲೆತಲಾಂತರದಿಂದ ಯಾರ ಲೆಕ್ಕಕ್ಕೂ ಇಲ್ಲದವನಿಗೆ "ಇದು ನಿನ್ನದು" ಅಂತ ಮೊದಲ ಸಲ ಯಾರೋ ಹೇಳಿದರು. ಆ ಮಾತಿನ ಬಲ ಎಷ್ಟು ಅಂತ ಮರ್ಯಾದೆ ಹುಟ್ಟಿನಿಂದಲೇ ಸಿಕ್ಕವರಿಗೆ ಗೊತ್ತಾಗುವುದು ಕಷ್ಟ.

ಆದರೆ ಒಡೆತನದ ಜೊತೆ ಸಾಲವೂ ಬಂತು. 1793ರ ಆಗಸ್ಟ್‌ನಲ್ಲಿ ಅದೇ ಕ್ರಾಂತಿ ಸರ್ಕಾರ, ಎಲ್ಲರೂ ಯುದ್ಧಕ್ಕೆ ದುಡಿಯಬೇಕು, ಮದುವೆಯಾಗದ ಹುಡುಗರು ಮೊದಲು ಹೊರಡಬೇಕು ಅಂತ ಆಜ್ಞೆ ಮಾಡಿತು. ದೇಶ ನಿನ್ನದಾದರೆ ಅದಕ್ಕೆ ಸಾಯುವವನೂ ನೀನೇ.

ಇನ್ನೊಂದು ವಿಷಯ. ರಾಷ್ಟ್ರ ಅನ್ನುವುದು ಅನಾದಿಕಾಲದಿಂದ ಇದೆ ಅಂತ ಎಲ್ಲರಿಗೂ ಅನಿಸುತ್ತದೆ, ಅಲ್ವಾ? ಆದರೆ ಅದು ಹಾಗಲ್ಲ. 1794ರಲ್ಲಿ ಪಾದ್ರಿ ಗ್ರೆಗ್ವಾರ್ ಕೊಟ್ಟ ವರದಿಯ ಪ್ರಕಾರ ಕಡಿಮೆ ಅಂದರೂ 60 ಲಕ್ಷ ಫ್ರೆಂಚರಿಗೆ ಫ್ರೆಂಚ್ ಭಾಷೆಯೇ ಬರುತ್ತಿರಲಿಲ್ಲ. ಎಲ್ಲರನ್ನೂ ಒಂದೇ ಎರಕಕ್ಕೆ ಹೊಯ್ದದ್ದು ಶಾಲೆ, ರೈಲು, ಸೈನ್ಯ. ಆ ಶಾಲೆಗಳಲ್ಲಿ ಎಷ್ಟೋ ಮಕ್ಕಳಿಗೆ ಅಮ್ಮನ ಮಾತು ಆಡಿದ್ದಕ್ಕೇ ಶಿಕ್ಷೆಯಾಯಿತು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ರಾಷ್ಟ್ರೀಯತೆಯ ಒಳ್ಳೆಯ ಮುಖ ಕಾಣದೆ ಇರಲಾರೆ. 1905ರಲ್ಲಿ ಸ್ವೀಡನ್ ಜೊತೆಗಿನ ಒಕ್ಕೂಟ ಬಿಡಬೇಕಾ ಅಂತ ನಾರ್ವೆಯಲ್ಲಿ ಮತ ಕೇಳಿದರು. ಬಿಡಬೇಕು ಅಂದವರು 3,68,208. ಬೇಡ ಅಂದವರು 184 ಜನ. ಹೆಂಗಸರಿಗೆ ಆಗ ಆ ಮತದ ಹಕ್ಕು ಇರಲಿಲ್ಲ, ಅವರು ತಾವೇ ಎರಡು ಲಕ್ಷಕ್ಕೂ ಜಾಸ್ತಿ ಸಹಿ ಸಂಗ್ರಹಿಸಿದರು. ಯುದ್ಧವೇ ಇಲ್ಲದೆ ಎರಡು ದೇಶ ಬೇರೆಯಾದವು. ಯಾರನ್ನೂ ದ್ವೇಷಿಸದೆ "ನಾವು" ಅನ್ನಬಹುದು ಅಂತ ನಾನು ನಂಬುವುದು ಇಂಥದ್ದನ್ನು ನೋಡಿಯೇ.

ಒಂಬತ್ತು ವರ್ಷದ ನಂತರ ಆಗಿದ್ದು ಬೇರೆ. ಜಗತ್ತಿನ ಕಾರ್ಮಿಕರೆಲ್ಲ ಒಂದು ಅಂತ ದಶಕಗಟ್ಟಲೆ ಹೇಳಿಕೊಂಡು ಬಂದಿದ್ದ ಜರ್ಮನಿಯ ಸಮಾಜವಾದಿ ಪಕ್ಷ, 1914ರ ಆಗಸ್ಟ್ 4ರಂದು ಸಂಸತ್ತಿನಲ್ಲಿ ಯುದ್ಧಕ್ಕಾಗಿ ಸರ್ಕಾರ ಸಾಲ ಎತ್ತಲು ಒಪ್ಪಿ ಮತ ಹಾಕಿತು. ಹೊಟ್ಟೆಪಾಡಿನ ನಂಟಿಗಿಂತ ದೇಶದ ನಂಟು ಗಟ್ಟಿಯಾಯಿತು. ಯಾಕೆ ಅಂದರೆ, ಕೂಲಿ ಜಾಸ್ತಿ ಮಾಡಿಸ್ತೀವಿ ಅನ್ನುವ ಪಕ್ಷ ಬದುಕಿಗೆ ಉತ್ತರ ಕೊಡಬಹುದು, ಸಾವಿಗಲ್ಲ. ರಾಷ್ಟ್ರ ಮಾತ್ರ "ನೀನು ಸತ್ತರೂ ನಾವು ಇರ್ತೀವಿ, ನಿನ್ನನ್ನು ಮರೆಯಲ್ಲ" ಅನ್ನುತ್ತದೆ. ಮಗನನ್ನು ಕಳೆದುಕೊಂಡ ತಾಯಿಗೆ ಹಿಡಿದುಕೊಳ್ಳಲು ಆಗ ಬೇರೆ ಏನಿತ್ತು? ಪ್ಯಾರಿಸ್ಸಿನ ಆ ಸಮಾಧಿಯ ಮುಂದೆ ನಿಂತ ಪ್ರತಿ ತಾಯಿಯೂ, ಒಳಗೆ ಮಲಗಿರುವವನು ನನ್ನ ಮಗನೇ ಇರಬಹುದು ಅಂದುಕೊಳ್ಳಬಹುದಿತ್ತು. ಹೆಸರಿಲ್ಲದ್ದರಿಂದಲೇ ಅವನು ಎಲ್ಲರವನಾದ.

ಉಳಿದ ಏಳು ಜನರನ್ನು ವರ್ಡನ್ನಿನ ಸ್ಮಶಾನದಲ್ಲೇ ಮಣ್ಣು ಮಾಡಿದರು. ಅವರೂ ಅಲ್ಲೇ ಒಟ್ಟಿಗೆ ಇದ್ದಾರೆ.