ಸ್ಪಷ್ಟನೆ: ಹತ್ತಿ ಗಿಡದ ಮೇಲಿನ ಆ ಗೂಡು ಮಿಡತೆಯದಲ್ಲ

ರಾಯಚೂರು ಜಿಲ್ಲೆಯ ರೈತರ ವಾಟ್ಸಾಪ್ ಗುಂಪುಗಳಲ್ಲಿ, ಹತ್ತಿ ಗಿಡದ ಕಡ್ಡಿಗೆ ಅಂಟಿದ ಕಂದು ಗೂಡಿನ ಚಿತ್ರದೊಂದಿಗೆ, ‘ಇದು ಕಿವಿಯಿಲ್ಲದ ವಿಷಕಾರಿ ಮಿಡತೆಯ ಮೊಟ್ಟೆ, ಕಂಡಲ್ಲಿ ಸುಡಿರಿ, ಮರಿಗಳು ಬೆಳೆ ತಿಂದು ಮುಗಿಸುತ್ತವೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ಒಂದು ಮಾತೂ ಸರಿಯಿಲ್ಲ.

ಚಿತ್ರದಲ್ಲಿರುವುದು ಸೂರ್ಯನ ಕುದುರೆ (ಪ್ರೇಯಿಂಗ್ ಮ್ಯಾಂಟಿಸ್) ಎಂಬ ಕೀಟದ ಮೊಟ್ಟೆಗೂಡು. ಹೆಣ್ಣು ಕೀಟವು ಮೊಟ್ಟೆಗಳೊಂದಿಗೆ ಹೊರಬಿಡುವ ನೊರೆಯೇ ಗಾಳಿಗೆ ಒಣಗಿ, ಥರ್ಮಾಕೋಲಿನಂತೆ ಹಗುರವಾದ ಗಟ್ಟಿ ಹೊದಿಕೆಯಾಗುತ್ತದೆ. ಅದರಿಂದ ಹೊರಬರುವ ಮರಿಗಳು ಎಲೆ ತಿನ್ನುವುದಿಲ್ಲ. ಹುಟ್ಟಿನಿಂದಲೇ ಬೇಟೆಗಿಳಿಯುವ ಅವು ಸಸ್ಯಹೇನು, ಸಣ್ಣ ನೊಣಗಳನ್ನು (ಒಮ್ಮೊಮ್ಮೆ ಒಡಹುಟ್ಟಿದವನ್ನೂ) ಹಿಡಿದು ತಿನ್ನುತ್ತವೆ. ಈ ಕೀಟಕ್ಕೆ ವಿಷವಿಲ್ಲ. ಕೈಯಲ್ಲಿ ಹಿಡಿದರೆ ಮುಂಗಾಲಿನ ಮುಳ್ಳು ಚುಚ್ಚೀತು, ಅಷ್ಟೆ. ವಂಶಾವಳಿಯಲ್ಲಿ ಇದರ ಹತ್ತಿರದ ನೆಂಟರು ಜಿರಲೆ ಮತ್ತು ಗೆದ್ದಲುಗಳೇ ಹೊರತು ಮಿಡತೆಯಲ್ಲ.

ಕಿವಿಯ ಮಾತು ಇನ್ನೂ ಕುತೂಹಲಕರ. ಹಾರಬಲ್ಲ ಹಲವು ಪ್ರಭೇದಗಳಿಗೆ ಎದೆಯ ಅಡಿಭಾಗದಲ್ಲಿ, ಹಿಂಗಾಲುಗಳ ನಡುವೆ, ಒಂದೇ ಒಂದು ಕಿವಿ ಇರುತ್ತದೆ. ವಿಜ್ಞಾನಿಗಳಾದ ಡೇವಿಡ್ ಯಾಗರ್ ಮತ್ತು ರೊನಾಲ್ಡ್ ಹೋಯ್ 1986ರಲ್ಲಿ ವಿವರಿಸಿದ ಈ ಕಿವಿಯು, ಮನುಷ್ಯನಿಗೆ ಕೇಳದಷ್ಟು ಕೀರಲಾದ ಬಾವಲಿಯ ಕೂಗನ್ನು ಗ್ರಹಿಸುವುದರಿಂದ, ರಾತ್ರಿ ಹಾರುವ ಕೀಟವು ತಟ್ಟನೆ ದಿಕ್ಕು ಬದಲಿಸಿ, ಸುರುಳಿಯಾಗಿ ಕೆಳಕ್ಕೆ ಧುಮುಕಿ ಪಾರಾಗುತ್ತದೆ.

ಹಾಗೆಂದು ‘ಇದೊಂದಿದ್ದರೆ ಕೀಟನಾಶಕವೇ ಬೇಡ’ ಎಂಬ ಪ್ರತಿಸಂದೇಶವನ್ನೂ ನಂಬಬೇಕಾಗಿಲ್ಲ: ಉಪಕಾರಿ ಜೇನುನೊಣವನ್ನೂ ಬಿಡದ ಈ ಬೇಟೆಗಾರನಿಗೆ, ಹತ್ತಿ ಕಾಯಿಯೊಳಗೆ ಅಡಗಿ ಕೂತ ಗುಲಾಬಿ ಕಾಯಿಕೊರಕ ಸಿಗುವುದೇ ಇಲ್ಲ.